ಹೊಗೆ ಹೋಗುವ ದಾರಿ

ಹೊಸ ಒಲೆ ಕಟ್ಟಿಸಿ ಎಂಟು ದಿನವಾಗಿತ್ತು. ಆದರೂ ಬೆಳಗ್ಗೆ ನೀರು ಕಾಯುವಷ್ಟರಲ್ಲಿ ಅಡುಗೆಮನೆಯ ತುಂಬ ಹೊಗೆ. ಸೊಸೆ ಊದುಗೊಳವೆ ಕೆಳಗಿಟ್ಟು, ಮಗುವನ್ನೆತ್ತಿಕೊಂಡು ಜಗಲಿಗೆ ಬಂದಳು. ಹತ್ತು ತಿಂಗಳ ಕೂಸು. ಉಸಿರೆಳೆದಾಗಲೆಲ್ಲ ಎದೆ ಸುಯ್ಯೆನ್ನುತ್ತಿತ್ತು.

"ಅತ್ತೆ, ಬೇಜಾರು ಮಾಡ್ಕೋಬೇಡಿ. ಹೊಗೆಯಿಂದ ದೂರ ಇಡಿ ಅಂತ ಡಾಕ್ಟರು ಎರಡು ಸಲ ಹೇಳಿದ್ರು. ಈ ಒಲೆನೂ ಹೀಗೇ ಆದ್ರೆ ನಾಳೆ ಇವಳನ್ನ ಕರ್ಕೊಂಡು ತವರಿಗೆ ಹೋಗ್ತೀನಿ."

ಅತ್ತೆ ಮಗುವಿನ ಬೆನ್ನು ಸವರಿದರು. ಗಂಡ ತೀರಿಕೊಂಡ ಮೇಲೆ ಅವರು ಮತ್ತೆ ನಗಲು ಕಲಿತದ್ದು ಈ ಮೊಮ್ಮಗಳಿಂದ.

ಸೊಸೆ ಹೇಳಿಕಳಿಸಿದ್ದಕ್ಕೆ ಒಲೆ ಕಟ್ಟಿದ ಮೇಸ್ತ್ರಿ ಬಂದ. "ಸೌದೆ ಹಸಿ ಇರ್ಬೇಕು," ಎಂದ.

"ಹಸಿ ಸೌದೆ ಹೊತ್ತು ತರೋಕೆ ನನಗೇನು ತಲೆ ಕೆಟ್ಟಿದ್ಯಾ?" ಎಂದರು ಅತ್ತೆ.

ಅವನು ಮಾಡು ಹತ್ತಿ ಹೊಗೆಕೊಳವೆ ನೋಡಿ ಇಳಿದ. "ಮೇಲೆಲ್ಲ ಸರಿಯಾಗಿದೆ. ನಾನು ಕಟ್ಟಿದ ಒಲೆ ಹೊಗೆ ಉಗುಳಿದ್ರೆ ನನ್ನ ಮುಖಕ್ಕೇ ಉಗುಳಿದ ಹಾಗೆ. ಒಡೆದು ಮತ್ತೆ ಕಟ್ತೀನಿ," ಎಂದು ಗುದ್ದಲಿ ಎತ್ತಿದ.

"ತಾಳಪ್ಪ. ಒಡೀಬೇಡ."

ಅತ್ತೆ ಒಲೆಯ ಎರಡು ಕುಳಿಗಳಲ್ಲಿ ಹಿಂದಿನದರ ಮೇಲಿದ್ದ ಪಾತ್ರೆ ಇಳಿಸಿ, ಒಲೆಯೊಳಗೆ ಇಕ್ಕಳ ತೂರಿಸಿ, ಹೊಗೆ ಕೊಳವೆಗೆ ಹೋಗುವ ಸಂದಿಯಿಂದ ಅಂಗೈಯಗಲದ ಹೆಂಚಿನ ಚೂರನ್ನು ಎಳೆದು ತೆಗೆದರು.

"ಕೊಳವೆ ಮುಟ್ಟಿ ನೋಡಿದೆ, ಕೈ ಸುಡ್ತು. ಇಷ್ಟು ಕಾವು ಸುಮ್ನೆ ಆಕಾಶಕ್ಕೆ ಹೋಗುತ್ತಲ್ಲ ಅಂತ ಹೊಟ್ಟೆ ಉರೀತು. ಮೊದಲ ದಿನಾನೇ ಇದನ್ನ ಅಡ್ಡ ಇಟ್ಟುಬಿಟ್ಟೆ. ಎರಡು ಗುಡ್ಡ ದಾಟಿ ತಲೆ ಮೇಲೆ ಹೊತ್ತು ತಂದ ಸೌದೆ ಕಣಪ್ಪ."

ಮೇಸ್ತ್ರಿ ನಗಲಿಲ್ಲ. "ಅಮ್ಮ, ಬೆಂಕಿಗೂ ಮೂಗು ಬೇಕು. ಮೂಗು ಮುಚ್ಚಿದ್ರೆ ಪಾಪ ಬಾಯಿಂದ ಬಿಡುತ್ತೆ. ಈಗ ನಾಲ್ಕೇ ಸೌದೆ ಇಟ್ಟು ಹಚ್ಚಿ ನೋಡಿ."

ಹೊಗೆ ಒಮ್ಮೆ ಹೊರಗಿಣುಕಿ, ಯಾರೋ ಕರೆದಂತೆ ಒಳಗೆ ಹೋಯಿತು. ಎರಡೂ ಪಾತ್ರೆ ಕುದಿದವು. ನಾಲ್ಕರಲ್ಲಿ ಒಂದು ಸೌದೆ ಮುಕ್ಕಾಲು ಉಳಿದಿತ್ತು.

"ಎಂಟು ದಿನ ನನ್ನ ಕಣ್ಣೀರು ನೋಡ್ತಾ ಕೂತಿದ್ರಲ್ಲ," ಎಂದಳು ಸೊಸೆ.

"ನಲವತ್ತು ವರ್ಷ ನಾನೂ ಸುರಿಸಿದೀನಿ ಕಣೇ. ಅಡುಗೆ ಅಂದ್ರೆ ಅದೂ ಸೇರಿದ್ದು ಅಂದ್ಕೊಂಡಿದ್ದೆ. ಹೊಗೆ ಮಗು ಎದೆಗೂ ಹೋಗುತ್ತೆ ಅಂತ ಹೊಳೀಲಿಲ್ಲ."

ಆ ದಿನ ಸೊಸೆ ತವರಿನ ಮಾತು ಮತ್ತೆ ಎತ್ತಲಿಲ್ಲ.

ಸಂಜೆ ಅತ್ತೆ ಅಡುಗೆಮನೆಯ ನೆಲ ಒರೆಸಿ, ಒಲೆಯಿಂದ ನಾಲ್ಕು ಮೊಳ ದೂರದಲ್ಲಿ ಚಾಪೆ ಹಾಸಿದರು. "ಇವತ್ತು ಅಡುಗೆ ನಂದು. ಮಗೂನ ಎತ್ಕೊಂಡು ಇಲ್ಲೇ ಬಂದು ಕೂತ್ಕೋ."

ಸೊಸೆ ಬಾಗಿಲಲ್ಲಿ ನಿಂತು ಒಮ್ಮೆ ಆಳವಾಗಿ ಉಸಿರೆಳೆದಳು. ಕೆಮ್ಮು ಬರಲಿಲ್ಲ. ಒಳಗೆ ಬಂದು ಕುಳಿತಳು. ಮಗುವಿನ ಎದೆಯ ಸದ್ದು ಇನ್ನೂ ಪೂರ್ತಿ ಇಳಿದಿರಲಿಲ್ಲ. ಆದರೂ ಅದು ತಾಯಿಯ ಮಡಿಲಲ್ಲಿ ನಿದ್ದೆಹೋಯಿತು.

ತಡವಾಗಲಿಲ್ಲವಲ್ಲ ದೇವರೇ ಎಂದುಕೊಂಡು ಅತ್ತೆ ಸದ್ದಾಗದಂತೆ ಪಾತ್ರೆಯ ಮುಚ್ಚಳ ತೆಗೆದರು.