ತಡೀರಿ ಕಾಕಾನ ಅರಿವೆ

“ಇದೇನ ಇದು, ಬೆನ್ನ ಹಿಂದ ಹಾರಾಡ್ಲಿಕ್ಕತ್ತದಲ್ಲ?” ಬಿಂದುಮಾಧವ ಮಾಸ್ತರರು ಟ್ಯಾಬ್ಲೆಟ್ಟನ್ನು ಮೂಗಿನ ತನಕ ತಂದುಕೊಂಡು ಕೇಳಿದರು.

“ಕೇಪ್ ರೀ ಸರ್. ಈಗ ಕಾಕಾ ಹಾರ್ತಾನ್ರಿ,” ಎಂದ ಸುಯೋಗ. ಆಫೀಸಿನಲ್ಲಿ ಚಪ್ಪಾಳೆ ಗಿಟ್ಟಿಸಿದ್ದ ಮಾತು ಖಾನಾಪುರದ ಈ ಪಡಸಾಲೆಯಲ್ಲಿ ಹುಚ್ಚನ ಮಾತಿನಂತೆ ಕೇಳಿಸಿತು.

“ಹಾರ್ತಾನ? ಕೇಳಿದೇನ ಚಂದ್ರಭಾಗಾ? ನಾಕು ಹೆಜ್ಜಿ ನಡದ್ರ ತೇಕತಿದ್ದ ನಮ್ಮ ಕಾಕಾ!”

ಒಳಗೆ ರೊಟ್ಟಿ ಬಡಿಯುತ್ತಿದ್ದ ಚಂದ್ರಭಾಗಾಬಾಯಿ ನಕ್ಕಿದ್ದು ಹೊರಗೆ ಕೇಳಿಸಿತು. ಮಾಸ್ತರರೂ ನಕ್ಕರು. ಬೈದಿದ್ದರೆ ಒಳ್ಳೆಯದಿತ್ತು ಎಂದುಕೊಂಡ ಸುಯೋಗ.

ಸಾಲೆಯಲ್ಲಿ ಚಿತ್ರಕಲೆ ಕಲಿಸುತ್ತಲೇ ಮಾಸ್ತರರು ಒಂದು ವಾರಪತ್ರಿಕೆಗಾಗಿ ಇಪ್ಪತ್ತೆರಡು ವರ್ಷ ಬಿಡದೆ ಬರೆದ ಕಾಮಿಕ್ಸು ‘ತಡೀರಿ ಕಾಕಾ’. ಅಷ್ಟು ನಿಧಾನದ ಹೀರೋ ಬೇರೆಲ್ಲೂ ಇರಲಿಕ್ಕಿಲ್ಲ. ಕಳ್ಳ ಓಡುತ್ತಿರಲಿ, ಗೂಳಿ ನುಗ್ಗಿ ಬರುತ್ತಿರಲಿ, ಕಾಕಾ ಮೊದಲು “ತಡೀರಿ” ಎನ್ನುತ್ತಿದ್ದ. ಹೆಗಲ ಮೇಲಿನ ಬಿಳಿ ಅರಿವೆ ತೆಗೆದು, ಎರಡು ಮಡಿಕೆ ಮಾಡಿ, ಕೊಡದ ಬಾಯಿಗೆ ಹಿಡಿದು, ಸಾವಕಾಶ ನೀರು ಕುಡಿದು, ಆಮೇಲೆ ಕಳ್ಳನತ್ತ ತಿರುಗುತ್ತಿದ್ದ. ಅಷ್ಟರೊಳಗೆ ಆ ಕಳ್ಳ ತನ್ನ ಗಡಿಬಿಡಿಯಲ್ಲಿ ಸೆಗಣಿ ತಿಪ್ಪೆಗೋ ಪೊಲೀಸನ ಮೈಮೇಲೋ ಬಿದ್ದಿರುತ್ತಿದ್ದ. ಕೊನೆಯ ಚೌಕದಲ್ಲಿ ಕಾಕಾ ಅರಿವೆಯನ್ನು ಮಗುಚಿ ಜಾಲಾಡಿ ಆ ನೀರನ್ನು ಬಾವಿಗೆ ಇಳಿಬಿಡುತ್ತಿದ್ದ. ಅರಿವೆಗೆ ಸಿಕ್ಕ ಸಣ್ಣ ಜೀವಗಳು ತಮ್ಮ ಮನೆಗೆ ಮರಳಲಿ ಎಂದು. ಚಿತ್ರದ ಕೆಳಗೆ ಒಂದಕ್ಷರದ ವಿವರಣೆಯೂ ಇರುತ್ತಿರಲಿಲ್ಲ.

ಈಗ ಬೆಳಗಾವಿಯ ಕಂಪನಿಯೊಂದು ಕಾಕಾನನ್ನು ಮೊಬೈಲಿನ ಮಕ್ಕಳಿಗಾಗಿ ಹೊಸದಾಗಿ ತಿದ್ದುತ್ತಿತ್ತು. ತಿದ್ದಿದವನು ಸುಯೋಗ. ಎಂಟು ತಿಂಗಳ ದುಡಿಮೆ. ಹೊಟ್ಟೆ ಹೋಯಿತು, ಎದೆ ಬಂತು. “ತಡೀರಿ” ಹೋಗಿ “ನುಗ್ರಿ” ಬಂತು. ಅರಿವೆ ಕೆಂಪಾಗಿ, ಉದ್ದವಾಗಿ, ಬೆನ್ನಿಗೆ ಹೋಗಿ ಕೇಪ್ ಆಯಿತು. ಬಾವಿಯ ಚೌಕವಂತೂ ಮೊದಲನೇ ದಿನವೇ ಹಾರಿಹೋಗಿತ್ತು. ಇನ್ನು ಉಳಿದದ್ದು ಮಾಸ್ತರರ ಒಪ್ಪಿಗೆಯ ಸಹಿ ಮಾತ್ರ.

ಸಹಿಗೆ ಮಾಸ್ತರರು ತಕರಾರು ಮಾಡಲಿಲ್ಲ. “ಸಣ್ಣ ಹುಡುಗ್ರು ನೋಡ್ತಾವಂದ್ರ ಸಾಕಪಾ,” ಎಂದು ನಡುಗುವ ಬಲಗೈಯನ್ನು ಎಡಗೈಯಿಂದ ಹಿಡಿದು ಬರೆದುಕೊಟ್ಟರು. ಕಾಗದ ಸುಯೋಗನ ಬ್ಯಾಗು ಸೇರಿತು. ಇನ್ನು ಎದ್ದು ಬಸ್ ಸ್ಟ್ಯಾಂಡಿನ ದಾರಿ ಹಿಡಿಯಬಹುದಿತ್ತು. ಆದರೆ ಮಾಸ್ತರರು ಹಳೆಯ ಫೈಲು ಬಿಚ್ಚಿದರು.

“ಒಂದ ಮಾತು ಖರೇ ಹೇಳು. ಈ ಚಿತ್ರದಾಗ ಕಾಕಾ ಏನ ಮಾಡ್ಲಿಕ್ಕತ್ತಾನಂತ ಅನಸ್ತು ನಿನಗ?”

ಮಾಸ್ತರರ ಬೆರಳು ಕೊಡದ ಬಾಯಿಗೆ ಹಿಡಿದ ಅರಿವೆಯ ಮೇಲಿತ್ತು. ಆಫೀಸಿನ ಮೀಟಿಂಗಿನಲ್ಲಿ ಜೊತೆಗೆ ಕೆಲಸ ಮಾಡುವ ಆಶಿಶ್ ಕೇಳಿದ್ದೂ ಇದನ್ನೇ. “ಈ ಚಿಂದಿ ಏನೋ ಸುಯೋಗ?” ಎಂದಿದ್ದ. ಅದೇ ಆಶಿಶ್ ಅದಕ್ಕೂ ಮೊದಲೊಮ್ಮೆ ಹಿಂದವಾಡಿಯ ಸುಯೋಗನ ಮನೆಗೆ ಬಂದವನು ಅಡುಗೆಮನೆಯ ನಳಕ್ಕೆ ಕಟ್ಟಿದ ಅರಿವೆಯ ಚೀಲ ನೋಡಿ, “ನಳಕ್ಕೂ ಮಾಸ್ಕ್ ಹಾಕೀರೇನೋ?” ಎಂದು ಬಿದ್ದು ಬಿದ್ದು ನಕ್ಕಿದ್ದ. ಅದನ್ನು ಕಟ್ಟಿದ ಅಜ್ಜಿ ಅಕ್ಕಾತಾಯಿ ಅಲ್ಲೇ ನಿಂತಿದ್ದಳು. ಸುಯೋಗನೂ ನಕ್ಕಿದ್ದ. ಹಾಗಾಗಿ ಮೀಟಿಂಗಿನಲ್ಲಿ, “ಏನೋ ಟಾವೆಲ್ ಇರಬೇಕು, ಕೊಡಾ ಒರಸ್ತಾನ. ತಗದು ಕೇಪ್ ಮಾಡೂಣು,” ಎಂದುಬಿಟ್ಟಿದ್ದ.

ಮಾಸ್ತರರು ಕಾಯುತ್ತಿದ್ದರು.

“ಕೊಡಾ ಒರಸ್ತಾನಂತ ಮಾಡಿದ್ದೆ ರೀ ಸರ್,” ಎಂದ ಸುಯೋಗ. ಒಮ್ಮೆ ಹೇಳಿದ ಸುಳ್ಳು ಎರಡನೇ ಸಲ ಬಲು ಸಲೀಸಾಗಿ ಬಂತು.

ಮಾಸ್ತರರ ನಗು ಇಳಿಯಿತು. “ಬಾಜು ಮನಿ ಜಿನೇಂದ್ರಪ್ಪನ ನೋಡಿ ತಗದ ಚಿತ್ರಪಾ ಇದು. ನಿಮ್ಮ ಪೈಕಿ ಮನಷಾ. ನಿನ್ನಂಥಾ ಜೈನರ ಹುಡುಗಗೇ ತಿಳೀಲಿಲ್ಲಂದ್ರ ಉಳದವ್ರಿಗೆ ಹ್ಯಾಂಗ ತಿಳದೀತು? ನಾನ ಕೆಟ್ಟ ತಗದೀನಿ. ಇಪ್ಪತ್ತೆರಡು ವರ್ಷ ತಪ್ಪ ತಗದೀನಿ.”

“ಹಂಗಲ್ಲ ರೀ ಸರ್…”

“ನೀರಿನ ಧಾರಿ ತೋರಸ್ಬೇಕಿತ್ತು. ಧಾರಿ ಇದ್ರ ಸೋಸ್ಲಿಕ್ಕತ್ತಾನಂತ ತಿಳೀತಿತ್ತು.” ಅವರು ಪೆನ್ಸಿಲ್ ಹುಡುಕಿ, ಫೈಲನ್ನು ತೊಡೆಯ ಮೇಲಿಟ್ಟುಕೊಂಡು, ಅರಿವೆಯ ಕೆಳಗೆ ಗೆರೆ ಎಳೆಯತೊಡಗಿದರು. ಗೆರೆ ನಡುಗಿತು. ಇನ್ನೊಂದು ಎಳೆದರು. ಅದು ಮೊದಲಿನದಕ್ಕಿಂತ ಹೆಚ್ಚು ನಡುಗಿತು.

ಸುಯೋಗನಿಗೆ ನಾಚಿಕೆಯಿಂದ ಕಿವಿ ಸುಡುತ್ತಿತ್ತು. ಎದ್ದುಬಿಡಬೇಕೆನ್ನುವಷ್ಟರಲ್ಲಿ ಚಂದ್ರಭಾಗಾಬಾಯಿ ತಟ್ಟೆ ತಂದು ಅವನ ಮುಂದಿಟ್ಟರು.

“ಉಣ್ರೆಪಾ, ಹೊತ್ತು ಮುಳುಗ್ಲಿಕ್ಕೆ ಇನ್ನ ಅರ್ಧಾ ತಾಸು ಅದ. ನಿಮಗ ಕತ್ತಲಾದ ಮ್ಯಾಲೆ ಊಟ ನಡಿಯೂದಿಲ್ಲಲ್ಲ, ಅದಕ್ಕ ಲಗೂನ ಮಾಡೀನಿ. ಉಳ್ಳಾಗಡ್ಡಿ, ಬಟಾಟಿ ಏನೂ ಹಾಕಿಲ್ಲ.”

ರಾತ್ರಿ ಹತ್ತಕ್ಕೆ ಗಾಡಿಯ ಮುಂದೆ ನಿಂತು ಎಗ್ ರೈಸ್ ತಿನ್ನುವವನು ಸುಯೋಗ. ಬಿಸಿ ರೊಟ್ಟಿ ಮುರಿದ. ಎದುರಿಗೆ ಮಾಸ್ತರರು ನಾಲ್ಕನೇ ಗೆರೆ ಎಳೆಯುತ್ತಿದ್ದರು. ನೀರಿನ ಧಾರೆಯೆಂದು ಹೇಳುವ ಹಾಗೆ ಅದರಲ್ಲಿ ಏನೂ ಇರಲಿಲ್ಲ. ಒಳ್ಳೆಯ ಚಿತ್ರವೊಂದು ಕಣ್ಣೆದುರೇ ಕೆಡುತ್ತಿತ್ತು.

“ಸರ್, ನನಗ ಗೊತ್ತಿತ್ರಿ.”

“ಏನ ಗೊತ್ತಿತ್ತು?”

“ಅದು ನೀರು ಸೋಸೂ ಅರಿವಿ ಅಂತ. ಮೊದಲನೇ ದಿನಾನ ಗೊತ್ತಾತ್ರಿ. ನಮ್ಮ ಅಜ್ಜಿ ಈಗೂ ನಳಕ್ಕ ಕಟ್ಟತಾಳ. ಆಫೀಸಿನ್ಯಾಗ ನಗ್ತಾರಂತ… ನಾನ ಟಾವೆಲ್ ಐತಿ ಅಂತ ಹೇಳ್ದೆ ರೀ. ಕೇಪ್ ಮಾಡೂಣು ಅಂದಾಂವನೂ ನಾನ.”

ಪೆನ್ಸಿಲ್ ನಿಂತಿತು. ಬೈಗುಳ ಬರಲಿ ಎಂದು ಸುಯೋಗ ತಲೆ ತಗ್ಗಿಸಿ ಕಾಯ್ದ.

“ನೋಡಿದ ಕೂಡ್ಲೆ ಗೊತ್ತಾತು?” ಮಾಸ್ತರರ ದನಿ ಬೇರೆಯೇ ಆಗಿತ್ತು.

“ಹೂಂ ರೀ.”

“ಧಾರಿ ಇಲ್ಲದನ?”

“ಹೂಂ ರೀ ಸರ್.”

“ಚಂದ್ರಭಾಗಾ!” ಮುದುಕರ ಮುಖ ಅರಳಿಬಿಟ್ಟಿತ್ತು. “ಕೇಳಿದೇನ? ಚಿತ್ರ ಸರಿ ಅದನಂತ! ನೋಡಿದ ಕೂಡ್ಲೆ ಗೊತ್ತಾತಂತ ಇವಗ!”

ಚಂದ್ರಭಾಗಾಬಾಯಿ ತುಪ್ಪದ ಗಿಂಡಿ ಕೆಳಗಿಟ್ಟು ಬಂದು ಹಾಳೆಯ ಎರಡೂ ತುದಿ ಹಿಡಿದುಕೊಂಡರು. ಮಾಸ್ತರರು ರಬ್ಬರು ತೆಗೆದುಕೊಂಡು, ಈಗ ತಾನೆ ಎಳೆದ ಗೆರೆಗಳನ್ನು ಒಂದೊಂದಾಗಿ ಒರೆಸತೊಡಗಿದರು. ಉಫ್ ಎಂದು ಊದಿದಾಗ ಕಪ್ಪು ಪುಡಿಯ ಒಂದೆರಡು ಚೂರು ಸುಯೋಗನ ತಟ್ಟೆಯ ಅಂಚಿಗೆ ಬಂದು ಬಿದ್ದವು.