ಟೆನಿಸ್ ಆಟಗಾರ್ತಿಯ ಮುಟ್ಟು ನಿಂತಾಗ

ಮನೆಯಲ್ಲಿ ಬೆಳೆದ ಹೆಣ್ಣುಮಗಳಿದ್ದರೆ ಅವಳು ತೆಳ್ಳಗಾದರೂ ಮಾತು, ದಪ್ಪಗಾದರೂ ಮಾತು. ಮುಟ್ಟಿನ ವಿಷಯ ಬಂದಾಗ ಮಾತ್ರ ಎಲ್ಲರ ಬಾಯಿಗೂ ಬೀಗ. ಮೂಲೆಯಂಗಡಿಯ ಟೇಲರಮ್ಮನ ಮನೆಯಲ್ಲೂ ಹಾಗೇ ಇತ್ತು.

ಟೇಲರಮ್ಮನ ಮಗಳು ಸಾಮಾನ್ಯಳಲ್ಲ. ಟೆನಿಸ್ ಆಡುವುದೇ ಅವಳ ಕಸುಬು. ಈ ವಾರ ಒಂದು ದೇಶ, ಮುಂದಿನ ವಾರ ಇನ್ನೊಂದು. ವರ್ಷಗಟ್ಟಲೆ ಸಣ್ಣಪುಟ್ಟ ಪಂದ್ಯಾವಳಿಗಳಲ್ಲಿ ಬೆವರು ಹರಿಸಿದವಳಿಗೆ ಈಗ ಮೊದಲ ಸಲ, ಅರ್ಹತಾ ಸುತ್ತು ಆಡದೆಯೇ ಒಂದು ದೊಡ್ಡ ಪಂದ್ಯಾವಳಿಗೆ ನೇರ ಪ್ರವೇಶ ಸಿಕ್ಕಿತ್ತು. ಹೋಗುವ ಮೊದಲು ಕೆಲವು ದಿನ ಮನೆಗೆ ಬಂದಿದ್ದಳು. ಜಿಂಕೆಯಂಥ ಅವಳ ಓಟ ನೋಡಿ ಬೀದಿಯವರು ಅವಳನ್ನು ಚಿಗರೆ ಎಂದೇ ಕರೆಯುತ್ತಿದ್ದರು.

ಚಿಗರೆ ಆಡುವಾಗ ಹಾಕುವ ಸ್ಕರ್ಟುಗಳನ್ನು ಅಮ್ಮನೇ ಹೊಲಿಯುವುದು. ಮನೆಗೆ ಬಂದಾಗಲೆಲ್ಲ ಅವುಗಳ ಸೊಂಟ ಸಡಿಲವಾಗಿರುತ್ತಿತ್ತು. ಟೇಲರಮ್ಮ ಹೊಲಿಗೆ ಬಿಚ್ಚಿ ಬಿಗಿ ಮಾಡಿ ಕೊಡುವಳು. "ನೋಡ್ರೀ, ನನ್ನ ಮಗಳು ಹೆಂಗೆ ಪಳಗಿದ್ದಾಳೆ!" ಎಂದು ಆ ಸ್ಕರ್ಟನ್ನು ಗಿರಾಕಿಗಳ ಮುಂದೆ ಹಿಡಿಯುವಳು. ಟೇಪು ಹಿಡಿದು ಬದುಕು ಕಟ್ಟಿದ ಹೆಂಗಸು, ಪಾಪ. ಅಳತೆ ಇಳಿದದ್ದನ್ನೇ ಗೆಲುವು ಎಂದುಕೊಂಡಳು.

ಪಕ್ಕದ ಮನೆಯಲ್ಲಿ ನರ್ಸಕ್ಕ ಇದ್ದಳು. ಒಂದು ಬೆಳಿಗ್ಗೆ ಟೇಲರಮ್ಮ ಅವಳನ್ನು ಎಳೆದುಕೊಂಡು ಮಗಳ ಅಭ್ಯಾಸ ನೋಡಲು ಮೈದಾನಕ್ಕೆ ಹೋದಳು.

ಚಿಗರೆ ಚೆಂಡನ್ನು ಮೇಲಕ್ಕೆ ತೂರಿದಳು. ಮೈಯೆಲ್ಲ ಬಿಲ್ಲಿನಂತೆ ಬಾಗಿತು. ಠಪ್ ಎಂಬ ಸದ್ದು ಬಂತು, ಅಷ್ಟೇ. ಚೆಂಡು ಹೋದದ್ದು ಕಾಣಲಿಲ್ಲ, ಹಿಂದಿನ ಜಾಲರಿ ನಡುಗಿದ್ದು ಕಂಡಿತು. ಟೇಲರಮ್ಮ ಎಷ್ಟು ಸಲ ನೋಡಿದ್ದರೂ ಬಾಯಿ ಬಿಟ್ಟುಕೊಂಡೇ ನೋಡುವಳು. ಆ ಮೂಲೆಯ ಚೆಂಡಿಗೆ ಓಡಿ, ಹೊಡೆದು, ಮರುಕ್ಷಣ ಈ ಮೂಲೆಯಲ್ಲಿ ನಿಂತಿರುವ ಈ ಜೀವ ತನ್ನ ಹೊಟ್ಟೆಯಲ್ಲಿ ಹುಟ್ಟಿದ್ದೇ ಎಂದು ಅವಳಿಗೆ ಪ್ರತಿ ಸಲವೂ ಬೆರಗು.

"ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನೀನೇ ಹೇಳಕ್ಕ, ಇವಳು ಹೆಗ್ಗಣಾನಾ?"

"ನನ್ನ ಮೈಯೇ ಜುಮ್ಮೆಂತು ಕಣೇ," ಎಂದಳು ನರ್ಸಕ್ಕ. ಆದರೆ ಅವಳ ಕಣ್ಣು ಹುಡುಗಿಯ ಬಲಗಾಲಿನ ಮೇಲಿತ್ತು. ಆಟ ನಿಂತೊಡನೆ ಚಿಗರೆ ಆ ಕಾಲಿನ ಮೇಲೆ ಭಾರ ಹಾಕದೆ ನಿಲ್ಲುತ್ತಿದ್ದಳು.

ಬೆಂಚಿಗೆ ಬಂದು ಕೂತಾಗ ನರ್ಸಕ್ಕ ಅವಳ ಮೊಣಕಾಲಿನ ಕೆಳಗೆ ಬೆರಳಿಂದ ಒತ್ತಿ ನೋಡಿದಳು. ಒಂದು ಕಡೆ ಮುಟ್ಟಿದ್ದೇ ತಡ, ಹುಡುಗಿ ಹಲ್ಲು ಕಚ್ಚಿದಳು.

"ಮುಟ್ಟು ಸರಿಯಾಗಿ ಆಗ್ತಿದೆಯಾ ಮಗಾ?"

"ನಿಂತು ಆರು ತಿಂಗಳಾಯ್ತೇನೋ ದೊಡ್ಡಮ್ಮ."

ಟೇಲರಮ್ಮ ಮಧ್ಯೆ ಬಾಯಿ ಹಾಕಿದಳು. "ನೋವು ಕಾಲಿಗೆ, ನೀನು ಕೇಳೋದು ಮುಟ್ಟು! ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ ಹಾಗಾಯ್ತು. ನಿಂತಿದ್ದೇ ಒಳ್ಳೇದಾಯ್ತು ಬಿಡು. ಬಿಳೀ ಸ್ಕರ್ಟು ಹಾಕ್ಕೊಂಡು ಸಾವಿರಾರು ಜನರ ಮುಂದೆ ಓಡೋಳಿಗೆ ಅದೊಂದು ಗೋಳು ತಪ್ಪಿತು."

"ಕಷ್ಟಪಟ್ಟು ಆಡೋರಿಗೆಲ್ಲ ಹೀಗೇ ಅಂತೆ," ಎಂದಳು ಮಗಳು. "ಮೈ ಹಗುರ ಆದಷ್ಟೂ ಓಟ ಚುರುಕು ಅಂತ ನಾನೂ ಊಟ ಸ್ವಲ್ಪ ಕಡಿಮೆ ಮಾಡಿದ್ದೆ."

"ಬೆಳ್ಳಗಿರೋದೆಲ್ಲ ಹಾಲಲ್ಲ," ಎಂದಳು ನರ್ಸಕ್ಕ. "ಮನೇಲಿ ಕೈ ಬಿಗಿಯಾದಾಗ ಏನು ಮಾಡ್ತೀಯ? ಇವತ್ತಿಗೆ ಬೇಡದ್ದನ್ನ ನಿಲ್ಲಿಸ್ತೀಯ. ದೇಹವೂ ಹಾಗೇ. ದಿನವಿಡೀ ಆಡಿಸಿ, ಅದಕ್ಕೆ ತಕ್ಕಷ್ಟು ಊಟ ಕೊಡದೇ ಇದ್ರೆ, ಮೊದಲು ಮುಟ್ಟು ನಿಲ್ಲಿಸುತ್ತೆ. ಆಮೇಲೆ ಮೂಳೆ ಸವೀತಾ ಬರುತ್ತೆ. ಬೇರೆ ಕಾರಣನೂ ಇರಬಹುದು. ಅದನ್ನ ಹೇಳಬೇಕಾದೋರು ಡಾಕ್ಟರು, ನೀನೂ ಅಲ್ಲ, ನಾನೂ ಅಲ್ಲ."

ಟೇಲರಮ್ಮ ಮುಖ ಊದಿಸಿಕೊಂಡೇ ಮಗಳನ್ನು ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು, ಸ್ಕ್ಯಾನ್ ಮಾಡಿಸಿದರು, ಹುಡುಗಿ ಏನೇನು ತಿನ್ನುತ್ತಾಳೆ ಎಂದು ಕೂಲಂಕಷವಾಗಿ ಕೇಳಿದರು. ಕೊನೆಗೆ ಪರದೆಯ ಮೇಲೆ ಕಾಲಿನ ಮೂಳೆಯನ್ನು ತೋರಿಸಿದರು.

"ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ ನೋಡಿ. ಇದರ ಮೇಲೆ ಆಡಿದ್ರೆ ಮೂಳೆ ಪೂರ್ತಿ ಮುರಿಯಬಹುದು. ಸಾಕಷ್ಟು ಊಟ, ವಿಶ್ರಾಂತಿ ಎರಡೂ ಬೇಕು. ಈ ಪಂದ್ಯಾವಳಿ ಬೇಡ."

ಚಿಗರೆ ಅಲ್ಲೇ ಅತ್ತುಬಿಟ್ಟಳು. "ಇಷ್ಟು ವರ್ಷ ಕಾದಿದ್ದು ಇದಕ್ಕೇನಮ್ಮಾ? ರ್‍ಯಾಂಕಿಂಗ್ ಬಿದ್ದುಹೋಗುತ್ತೆ. ಮತ್ತೆ ಇಂಥ ಅವಕಾಶ ಬರದೇ ಇದ್ರೆ?"

ಟೇಲರಮ್ಮ ಆ ಬೆಳ್ಳನೆಯ ಮೂಳೆಯನ್ನೇ ನೋಡುತ್ತಿದ್ದಳು. ಜಾಲರಿ ನಡುಗಿಸುವ ಆ ಅಗಾಧ ಬಲವನ್ನು ಇಷ್ಟು ದಿನ ಹೊತ್ತು ನಿಂತದ್ದು ಇಷ್ಟು ತೆಳ್ಳನೆಯದೇ? ತನ್ನ ಮಗಳು ಇದರ ಮೇಲೆ ಓಡಿದ್ದಳಲ್ಲ, ನೋವು ನುಂಗಿಕೊಂಡು ನಗುತ್ತ ಓಡಿದ್ದಳಲ್ಲ. ಅವಳಿಗೆ ಮಗಳ ಮೇಲೆ ಬೆರಗೂ ತನ್ನ ಮೇಲೆ ಸಿಟ್ಟೂ ಒಟ್ಟಿಗೇ ಉಕ್ಕಿಬಂದವು.

"ಬರದೇ ಇದ್ರೆ ಬೇಡ," ಎಂದಳು. "ಮೂಳೆ ಇದ್ರೆ ಆಟ ಮಗಳೇ. ಹೆಸರು ವಾಪಸ್ ತಗೋ."

ಪಂದ್ಯಾವಳಿ ಇವಳಿಲ್ಲದೆಯೇ ನಡೆಯಿತು. ರ್‍ಯಾಂಕಿಂಗ್ ಬಿತ್ತು. ಚಿಗರೆ ಮನೆಯಲ್ಲೇ ಉಳಿದು ಡಾಕ್ಟರಮ್ಮ ಹೇಳಿದಂತೆ ಹೊತ್ತು ಹೊತ್ತಿಗೆ ಊಟ ಮಾಡಿದಳು: ಕಾಳು, ಹಾಲು, ಮೊಟ್ಟೆ, ಹಣ್ಣು. ಮೊದಮೊದಲು ತುತ್ತು ಗಂಟಲಲ್ಲಿ ಇಳಿಯದು. ಕನ್ನಡಿ ಮುಂದೆ ನಿಂತು ಸಿಡುಕುವಳು. "ತಿನ್ನೇ, ಗಾಳಿ ತಿಂದು ಓಡೋಕೆ ನೀನೇನು ಚೆಂಡಾ?" ಎಂದು ಅಮ್ಮ ಛೇಡಿಸಿ ಉಣಿಸುವಳು. ತಿಂಗಳುಗಳು ಕಳೆದವು. ಕಾಲಿನ ನೋವು ಹೋಯಿತು. ಮುಟ್ಟು ಮಾತ್ರ ಬರಲಿಲ್ಲ. ಟೇಲರಮ್ಮನ ಎದೆಯಲ್ಲಿ ದಿಗಿಲು. ಆದ ಹಾನಿ ಸರಿಹೋಗದಿದ್ದರೆ?

ಒಂದು ಮಧ್ಯಾಹ್ನ ಅಂಗಡಿ ತುಂಬ ಗಿರಾಕಿಗಳು. ಚಿಗರೆ ಒಳಬಾಗಿಲಲ್ಲಿ ಬಂದು ನಿಂತಳು. ಕಣ್ಣಲ್ಲಿ ನೀರು, ಮುಖದಲ್ಲಿ ನಗು.

"ಅಮ್ಮಾ, ಮುಟ್ಟಾದೆ!"

ಹಿಂದಿನ ಟೇಲರಮ್ಮನಾಗಿದ್ದರೆ ಓಡಿಹೋಗಿ ಮಗಳ ಬಾಯಿ ಮುಚ್ಚುತ್ತಿದ್ದಳು. ಈಗ ಮಿಷನ್ ನಿಲ್ಲಿಸಿ ಎದ್ದು ಅವಳನ್ನು ಬಾಚಿ ತಬ್ಬಿಕೊಂಡಳು. ಪ್ಯಾಂಟಿನ ಅಳತೆ ಕೊಡಲು ಬಂದ ಮೇಷ್ಟ್ರು ಕಕ್ಕಾಬಿಕ್ಕಿಯಾಗಿ ಗೋಡೆ ನೋಡತೊಡಗಿದರು.

"ಗೋಡೆ ಯಾಕೆ ನೋಡ್ತೀರಿ ಮೇಷ್ಟ್ರೇ? ನಿಮ್ಮ ಶಾಲೇಲಿ ಓಡೋ ಆಡೋ ಹೆಣ್ಣುಮಕ್ಕಳಿದ್ದಾರಲ್ಲ, ಅವರಮ್ಮಂದಿರಿಗೂ ಹೇಳಿ. ಮುಟ್ಟು ನಿಂತಿದ್ರೆ ಸುಮ್ನೆ ಕೂರಬೇಡಿ ಅಂತ ಹೇಳಿ!"

ಮೇಷ್ಟ್ರು ತಲೆಯಾಡಿಸಿದರು. ಹೇಳಿಯೂ ಹೇಳಿದರಂತೆ.

ಓದುತ್ತಿರುವ ಅಮ್ಮಂದಿರೇ, ಅಪ್ಪಂದಿರೇ, ತರಬೇತಿ ಕೊಡುವವರೇ, ನಿಮ್ಮ ಮಗಳು ಆಡಲಿ, ಓಡಲಿ, ಲೋಕ ಬೆರಗಾಗುವಂತೆ ಗೆಲ್ಲಲಿ. ಆದರೆ ಮೂರು ತಿಂಗಳು ಮುಟ್ಟು ಬರದಿದ್ದರೆ, ಹದಿನೈದು ತುಂಬಿದರೂ ಶುರುವೇ ಆಗದಿದ್ದರೆ, ಅದು ಕಸರತ್ತಿನ ಫಲ ಎಂದು ಹಿಗ್ಗಬೇಡಿ, ನಾಚಿಕೆಯೆಂದು ಮುಚ್ಚಿಡಲೂಬೇಡಿ. ಡಾಕ್ಟರ ಬಳಿ ಕರೆದುಕೊಂಡು ಹೋಗಿ. ಆಟಕ್ಕೆ ತಕ್ಕ ಊಟ ಹಾಕಿ. ಇವತ್ತು ಸಂಜೆ ಅವಳು ಮೈದಾನದಿಂದ ಬಂದಾಗ ಎಷ್ಟು ಗೆದ್ದೆ ಎಂದು ಆಮೇಲೆ ಕೇಳಿ. ಮೊದಲು, ಹೇಗಿದ್ದೀಯ ಮಗಳೇ ಎಂದು ಕೇಳಿ.