ಅತ್ತೆಯ ತೊಟ್ಟಿಗೆ ಬಿಳಿ ಮರಳು

ಮೇಷ್ಟ್ರು ಮೂವತ್ತೊಂದು ವರ್ಷ ರೇಖಾಗಣಿತ ಕಲಿಸಿ ನಿವೃತ್ತರಾದವರು. ಕೈಯಲ್ಲಿ ಬೆತ್ತ ಹಿಡಿದವರಲ್ಲ, ನಾಲಿಗೆಯೇ ಸಾಕಿತ್ತು. ಅವರು ತರಗತಿಯಲ್ಲಿ ಇಟ್ಟ ಅಡ್ಡಹೆಸರು ಆ ಮಕ್ಕಳ ತಲೆಗೂದಲು ನರೆತರೂ ಬಿಡುತ್ತಿರಲಿಲ್ಲ. ಅಳಿಯನಿಗೆ ಇಟ್ಟ ಹೆಸರು ಪೈಪು.

ಅಳಿಯ ಮೀನಿನ ತೊಟ್ಟಿಗಳ ಫಿಲ್ಟರ್ ರಿಪೇರಿ ಮಾಡುವವನು. ಒಂಬತ್ತು ವರ್ಷದ ಹಿಂದೆ ಆ ಮನೆಗೆ ಮೊದಲು ಕಾಲಿಟ್ಟದ್ದೂ ಅದೇ ಕೆಲಸಕ್ಕೆ. ಮೇಷ್ಟ್ರ ಹೆಂಡತಿ ನಡುಮನೆಯಲ್ಲಿ ನಾಲ್ಕಡಿ ಉದ್ದದ ತೊಟ್ಟಿ ಇಟ್ಟುಕೊಂಡಿದ್ದರು. ಅದರಲ್ಲಿ ಆರು ಹುಲಿಪಟ್ಟೆ ಮೀನು: ಕಿತ್ತಳೆ ಮೈ, ಮೂರು ಕಪ್ಪು ಪಟ್ಟೆ, ಬಾಯಿಯ ಸುತ್ತ ಪುಟ್ಟ ಮೀಸೆ. ಅವನು ಮೋಟರು ಬಿಚ್ಚಿ ಕೂತಾಗ ಮಗಳು ಟಾರ್ಚು ಹಿಡಿದಳು. ಮೂರನೇ ಸಲ ಟಾರ್ಚು ಹಿಡಿಯುವ ಹೊತ್ತಿಗೆ ಫಿಲ್ಟರಿನಲ್ಲಿ ಯಾವ ದೋಷವೂ ಇರಲಿಲ್ಲ. ಅಮ್ಮನಿಗೆ ಅದು ಗೊತ್ತಿತ್ತು, ನಕ್ಕು ಸುಮ್ಮನಾದರು. ಮೇಷ್ಟ್ರು ಮಾತ್ರ ಮದುವೆಯ ದಿನ ಬೀಗರ ಎದುರಿಗೇ, "ಪೈಪು ಕಳಚೋಕೆ ಬಂದವನು ಮಗಳನ್ನೇ ಕಳಚಿಕೊಂಡು ಹೋದ" ಎಂದರು. ಎಲ್ಲರೂ ನಕ್ಕರು. ಅವನೂ ನಗಬೇಕಾಯಿತು.

ಅತ್ತೆ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮೀನುಗಳು ಉಳಿದಿದ್ದವು. ದಣಿದಾಗ ಸತ್ತಂತೆ ಒಂದು ಮಗ್ಗುಲಿಗೆ ಬಿದ್ದುಕೊಳ್ಳುವುದು ಆ ಜಾತಿಯ ಅಭ್ಯಾಸ. ಹೈಸ್ಕೂಲಿನಲ್ಲಿದ್ದ ಮಗಳು ಅದನ್ನು ಮೊದಲು ನೋಡಿದ ದಿನ ಅತ್ತು ರಂಪ ಮಾಡಿದ್ದಳು. ಅಮ್ಮ ಗಾಜಿನ ಮೇಲೆ ಬೆರಳು ತಟ್ಟಿ, ಆರನ್ನೂ ಎಬ್ಬಿಸಿ ತೋರಿಸಿದ್ದರು. ಈಗಲೂ ಪ್ರತಿ ಭಾನುವಾರ ಮಧ್ಯಾಹ್ನ ಅವಳು ತವರಿಗೆ ಬಂದು, ಸೌತೆಕಾಯಿಯ ಬಿಲ್ಲೆ ಹಾಕಿ, ತೊಟ್ಟಿಯ ಮುಂದೆ ಒಂದು ಗಂಟೆ ಕೂರುತ್ತಿದ್ದಳು.

ಅಂಥದೊಂದು ಭಾನುವಾರ ಅಳಿಯನೂ ಜೊತೆಗೆ ಬಂದಿದ್ದ, ಮೇಷ್ಟ್ರ ಇಬ್ಬರು ಹಳೆಯ ಸಹೋದ್ಯೋಗಿಗಳೂ ಬಂದಿದ್ದರು.

"ಏ ಪೈಪು, ಈ ಜಲ್ಲಿ ತೆಗೆದು ಬಿಳಿ ಮರಳು ಹಾಕೋಣ ಅಂತಿದೀನಿ. ಏನಂತೀಯ?"

"ಹಾಕಬಹುದು ಮಾವ. ಈ ಮೀನಿಗೆ ಮರಳೇ ಒಳ್ಳೇದು, ಮೀಸೆ ಸವೆಯಲ್ಲ. ಆದ್ರೆ ಸಣ್ಣ ಮರಳನ್ನ ಫಿಲ್ಟರ್ ಒಳಗೆ ಎಳ್ಕೊಂಡ್ರೆ ಮೋಟರ್ ಹೋಗುತ್ತೆ. ಮೊದಲು ಬಕೆಟ್‌ನಲ್ಲಿ ನೀರು ತಿಳಿಯಾಗೋವರೆಗೂ ತೊಳೀಬೇಕು. ಸುರಿಯೋವಾಗ ಫಿಲ್ಟರ್ ಆಫ್ ಇರ್ಬೇಕು, ಎಲ್ಲ ಕೆಳಗೆ ಕೂತ ಮೇಲೆ ಆನ್ ಮಾಡಬೇಕು. ನೀರೆಳೆಯೋ ಪೈಪಿನ ಬಾಯಿ ಮರಳಿಂದ ಒಂದು ಗೇಣು ಮೇಲಿರಲಿ, ಅದಕ್ಕೊಂದು ಸ್ಪಂಜು..."

"ಅಬ್ಬಬ್ಬಾ!" ಮೇಷ್ಟ್ರು ಗೆಳೆಯರ ಕಡೆ ತಿರುಗಿದರು. "ಕೇಳಿದ್ರಾ? ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದೋನು ನಂಗೆ ಪಾಠ ಮಾಡ್ತಿದಾನೆ. ಮರಳು ಸುರಿಯೋಕೂ ಇವನ ಹತ್ರ ಟ್ಯೂಷನ್‌ಗೆ ಹೋಗ್ಬೇಕಂತೆ ನಾನು!"

ಒಬ್ಬರಿಗೆ ನಗು ತಡೆಯಲಾರದೆ ಚಹಾ ನೆತ್ತಿಗೇರಿತು. "ಅಪ್ಪ, ಸಾಕು" ಎಂದಳು ಮಗಳು. ಅಳಿಯ ತನ್ನ ಲೋಟವನ್ನು ತಾನೇ ಒಳಗೆ ಒಯ್ದು ತೊಳೆದಿಟ್ಟು ಬಂದ.

ಬುಧವಾರ ಬೆಳಗ್ಗೆ ಅವನ ಅಂಗಡಿಗೆ ಫೋನು ಬಂತು. ಮೇಷ್ಟ್ರ ದನಿ ತಗ್ಗಿತ್ತು, ಪಕ್ಕದಲ್ಲಿ ಕೇಳುವವರಿರಲಿಲ್ಲ.

"ಮರಳು ಹಾಕ್ದೆ ಕಣೋ. ಚೀಲದಿಂದ ಹಾಗೇ ಸುರಿದೆ. ಈಗ ಫಿಲ್ಟರ್ ಕರಕರ ಅಂತಿದೆ. ಏನಾದ್ರೂ ತೊಂದ್ರೆನಾ?"

ಆ ಸದ್ದು ಅವನಿಗೆ ಫೋನಿನಲ್ಲೇ ಕೇಳಿಸುತ್ತಿತ್ತು. ಮರಳು ಮೋಟರಿನ ಚಕ್ರದೊಳಗೆ ಹೊಕ್ಕು ಅರೆಯುವ ಸದ್ದು. ಸ್ವಿಚ್ಚು ಆರಿಸಿ, ಚಕ್ರ ತೆಗೆದು ತೊಳೆದರೆ ಹತ್ತು ನಿಮಿಷದ ಕೆಲಸ. ಹಾಗೆಂದು ಹೇಳಲು ಬಾಯಿ ತೆರೆದವನು ಬೇರೆಯದನ್ನೇ ಹೇಳಿದ.

"ಹೊಸ ಮರಳಲ್ವಾ ಮಾವ, ಒಂದೆರಡು ದಿನ ಸದ್ದು ಮಾಡುತ್ತೆ. ಬಿಡಿ."

ಗುರುವಾರ ಮತ್ತೆ ಫೋನು. "ಸದ್ದು ನಿಂತೇಹೋಯ್ತು ಕಣೋ!"

"ನೋಡಿ, ನಾ ಹೇಳಲಿಲ್ವಾ?"

ಚಕ್ರ ಕಚ್ಚಿಕೊಂಡು ನಿಂತಿದೆ ಎಂದು ಅವನಿಗೆ ಗೊತ್ತಿತ್ತು. ನೀರು ತಿರುಗದೆ ಆರು ದೊಡ್ಡ ಮೀನುಗಳು ಎಷ್ಟು ದಿನ ತಾಳಬಲ್ಲವು ಎಂಬುದೂ ಗೊತ್ತಿತ್ತು. ಒಂದೆರಡು ಸಾಯಲಿ, ಮುದುಕನ ಸೊಕ್ಕು ಇಳಿಯಲಿ, ನಾಳೆ ಹೋಗಿ ಸರಿಮಾಡಿದರಾಯಿತು ಎಂದುಕೊಂಡ. ಶುಕ್ರವಾರ ಹೋಗಲಿಲ್ಲ. ಶನಿವಾರ ಊಟಕ್ಕೆ ಕೂತಾಗ ಹೆಂಡತಿ, "ಬಿಳಿ ಮರಳಲ್ಲಿ ಅಮ್ಮನ ಮೀನು ಹೆಂಗೆ ಕಾಣ್ತಾವೋ, ನಾಳೆ ಫೋಟೋ ತೆಗೀಬೇಕು" ಎಂದಳು. ಅವನು ಇನ್ನೊಂದು ಸೌಟು ಸಾರು ಬಡಿಸಿಕೊಂಡ.

ಭಾನುವಾರ ಅವಳೊಬ್ಬಳೇ ಮೊದಲು ಹೋದಳು. ಬಾಗಿಲಲ್ಲೇ ಮೂಗಿಗೆ ನಾತ ಬಡಿಯಿತು. ಮೇಷ್ಟ್ರು ಪೇಪರು ಓದುತ್ತಿದ್ದರು.

"ನೆಗಡಿ ಆಗಿ ನಂಗೆ ವಾಸನೆಯೇ ತಿಳೀತಿಲ್ಲಮ್ಮ. ಮೀನಾ? ಬೆಳಗ್ಗೆಯಿಂದ ಮಲಗಿವೆ ನೋಡು, ನಿಮ್ಮಮ್ಮ ಹೇಳ್ತಿದ್ಲಲ್ಲ, ಹಂಗೇ."

ಅವಳು ಗಾಜು ತಟ್ಟಿದಳು. ಮತ್ತೆ ತಟ್ಟಿದಳು. ನಾಲ್ಕು ಮೀನು ಬಿಳಿ ಮರಳಿನ ಮೇಲೆ ಬಣ್ಣಗೆಟ್ಟು ಬಿದ್ದಿದ್ದವು. ಎರಡು ನೀರಿನ ಮೇಲ್ಗಡೆ ಬಾಯಿ ಬಿಡುತ್ತಿದ್ದವು.

ಅವಳು ಫೋನು ಮಾಡಿದ ಇಪ್ಪತ್ತು ನಿಮಿಷದಲ್ಲಿ ಅವನು ಬಂದ. ಫಿಲ್ಟರಿನ ಡಬ್ಬಿಯಲ್ಲಿ ಕೊಳೆತ ಕಪ್ಪು ನೀರನ್ನು ಒಂದು ಹನಿಯೂ ತೊಟ್ಟಿಗೆ ಮರಳದಂತೆ ಬಚ್ಚಲಿಗೆ ಚೆಲ್ಲಿದ. ಅರದಿಂದ ಉಜ್ಜಿದಂತೆ ಸವೆದಿದ್ದ ಚಕ್ರ ಕಿತ್ತು ಹೊಸದು ಕೂರಿಸಿದ, ಪೈಪನ್ನು ಮೇಲೆತ್ತಿ ಸ್ಪಂಜು ಕಟ್ಟಿದ, ನೀರು ಬದಲಿಸಿದ. ಒಂದು ಮೀನು ಅವನ ಅಂಗೈಯಲ್ಲೇ ಸತ್ತಿತು. ಒಂದು ಉಳಿಯಿತು.

ಮೇಷ್ಟ್ರು ಕುರ್ಚಿಯಲ್ಲಿ ಕುಸಿದು ಕೂತಿದ್ದರು. ಮೊದಲ ಬಾರಿಗೆ ಅಳಿಯನನ್ನು ಬಹುವಚನದಲ್ಲಿ ಕರೆದರು. "ನೀವು ಇಲ್ದೇ ಇದ್ರೆ ಅದೂ ಹೋಗ್ತಿತ್ತು. ನೀವು ಅವತ್ತು ಅಷ್ಟು ಹೇಳಿದ್ರಿ, ನಾನೇ ಕೇಳಲಿಲ್ಲ. ಸದ್ದು ಬಂದಾಗ ಫೋನ್ ಮಾಡ್ದೆ, ನಿಂತಾಗ್ಲೂ ಮಾಡ್ದೆ. ಎಲ್ಲ ಸರಿಹೋಯ್ತು ಅಂತ್ಲೇ ಅಂದ್ಕೊಂಡೆ."

ಎಂಟು ವರ್ಷ ಫಿಲ್ಟರ್ ರಿಪೇರಿಯವನ ಜೊತೆ ಬಾಳಿದವಳಿಗೆ ಆ ಮಾತನ್ನು ಬಿಡಿಸಿ ಹೇಳಬೇಕಿರಲಿಲ್ಲ. ಅವಳು ಗಂಡನ ಮುಖ ನೋಡಿದಳು. ಮನೆಗೆ ಹೋಗುವ ದಾರಿಯಲ್ಲಿ ಕೇಳಿದಳು:

"ಫೋನಲ್ಲಿ ಏನಂದೆ?"

ಅವನು ಹೇಳಿದ. ಆಮೇಲೆ, "ಎಂಟು ವರ್ಷ ಪೈಪು ಅನ್ನಿಸ್ಕೊಂಡಿದೀನಿ" ಎಂದ.

"ಅಪ್ಪ ಹಂಗಂದಾಗೆಲ್ಲ ಜಗಳ ಆಡಿದ್ದು ನಾನು. ನಿಂಗೆ ಮೊದಲು ಕುರ್ಚಿ ಹಾಕಿ ಕೂರಿಸಿದ್ದು ಅಮ್ಮ. ಅವಳ ಮೀನೇ ಬೇಕಾಗಿತ್ತಾ ನಿಂಗೆ?"

"ಮಾವಂಗೆ ಹೇಳಿಬಿಡ್ತೀನಿ" ಎಂದ.

"ಬೇಡ. ಹೇಳಿದ್ರೆ ಬೈತಾರೆ. ಬೈಸ್ಕೊಂಡ್ರೆ ನಿಂಗೆ ಹಗುರಾಗುತ್ತೆ."

ಅವಳು ಗಂಡನನ್ನು ಬಿಡಲಿಲ್ಲ, ಅಡುಗೆ ನಿಲ್ಲಿಸಲಿಲ್ಲ, ಒಂದು ಮಾತು ಏರಿಸಿ ಆಡಲಿಲ್ಲ. ಪ್ರತಿ ಭಾನುವಾರ ಅವನನ್ನು ತಪ್ಪದೆ ತವರಿಗೆ ಕರೆದೊಯ್ದಳು. ಒಂಟಿ ಮೀನು ಮೂಲೆ ಬಿಟ್ಟು ಬರುತ್ತಿರಲಿಲ್ಲ, ಸೌತೆಕಾಯಿ ಮುಟ್ಟುತ್ತಿರಲಿಲ್ಲ. ಮೇಷ್ಟ್ರು ಸೊರಗಿದ್ದರು. ಮಾತು ಕಡಿಮೆಯಾಗಿತ್ತು, ಆಡಿದರೆ ಅದೊಂದೇ: "ಅವಳು ಹದಿನಾರು ವರ್ಷ ಸಾಕಿದ್ದನ್ನ, ಆಮೇಲೆ ನಾನು ನಾಲ್ಕು ವರ್ಷ ಕಾದಿದ್ದನ್ನ, ನಾಲ್ಕು ದಿನದಲ್ಲಿ ಕೊಂದೆ." ಅಳಿಯ ಬಂದರೆ ಎದ್ದು ನಿಂತು ಕುರ್ಚಿ ಸರಿಸುತ್ತಿದ್ದರು.

ಐದನೇ ಭಾನುವಾರ ಅವನಿಗೆ ತಡೆಯಲಾಗಲಿಲ್ಲ. ಮುದುಕರ ಕಾಲ ಬಳಿ ಕೂತುಬಿಟ್ಟ.

"ಮಾವ, ಕೊಂದಿದ್ದು ನಾನು. ಆ ಸದ್ದು ಏನು ಅಂತ ಗೊತ್ತಿತ್ತು. ಬೇಕಂತ್ಲೇ ಸುಳ್ಳು ಹೇಳ್ದೆ."

ಮೇಷ್ಟ್ರು ಅವನನ್ನು ದಿಟ್ಟಿಸಿದರು. ಕಣ್ಣು ತುಂಬಿತು. ಅವನ ತಲೆಯ ಮೇಲೆ ಕೈಯಿಟ್ಟರು.

"ಬಿಡಿ ಅಳಿಯಂದಿರೇ. ಮುದುಕ ಕೊರಗ್ತಾನೆ ಅಂತ ನನ್ನ ಪಾಪಾನ ನಿಮ್ಮ ಮೇಲೆ ಎಳ್ಕೋತಿದೀರಿ. ಇಂಥ ಮನುಷ್ಯನ್ನ ನಾನು ಏನೆಲ್ಲ ಅಂದೆ!" ಮಗಳ ಕಡೆ ತಿರುಗಿದರು. "ನೋಡಮ್ಮ ನಿನ್ನ ಗಂಡನ ಮನಸ್ಸು."

ಅವನು ಹೆಂಡತಿಯತ್ತ ನೋಡಿದ. ಇದು ನಿಜ ಎಂದು ಅವಳು ಒಂದು ಮಾತು ಹೇಳಿದರೆ ಸಾಕಿತ್ತು.

"ಹೌದಪ್ಪ," ಎಂದಳು ಅವಳು, "ಅವರು ಯಾವಾಗ್ಲೂ ಹಂಗೇ." ಖಾಲಿ ಬಕೆಟ್ಟನ್ನು ಗಂಡನ ಕೈಗೆ ಕೊಟ್ಟು, ನೀರು ಬದಲಿಸುವ ಹೊತ್ತಾಯಿತು ಎಂದಳು.